ಮೆಣಸಿನ ಬಳ್ಳಿಗೆ ಯಾವ ಪೊಟ್ಟಣ? ಸ್ಯೂಡೋಮೊನಾಸ್, ಬ್ಯಾಸಿಲಸ್, ಟ್ರೈಕೋಡರ್ಮಾ, ಇಲ್ಲಾ ಬೋರ್ಡೋ

ಮೇ ತಿಂಗಳ ಒಂದು ಬೆಳಿಗ್ಗೆ ಪಕ್ಕದ ತೋಟದ ಅಕ್ಕ ಕೊಡಗಿನ ಗೋಣಿಕೊಪ್ಪದ ಅಂಗಡಿಯೊಂದರಿಂದ ಮೂರು ಫೋಟೋ ಕಳಿಸಿದರು. ಮೊದಲನೆಯದು ಸ್ಯೂಡೋಮೊನಾಸ್ ಪುಡಿ, ಒಂದು ಕೆ.ಜಿ. ಎರಡನೆಯದು ಬ್ಯಾಸಿಲಸ್ ದ್ರಾವಣ, ಒಂದು ಲೀಟರ್. ಎರಡೂ ಬಳ್ಳಿಯ ರೋಗ ತಡೆಯುವ ಬ್ಯಾಕ್ಟೀರಿಯಾ. ಮೂರನೆಯದು ಹಸಿರು ಬಾಟಲಿ. ಅದರ ಮೇಲೆ ನಗುವ ರೈತ, ಟೊಮೆಟೊ, ಬಾಳೆ, ಕಾಫಿ, ಮೆಣಸು ಎಲ್ಲಾ ಇತ್ತು. ಕೆಳಗೆ ಒಂದು ಸಾಲು: "ಸೊರಗು ರೋಗಕ್ಕೆ ಯಾವುದು ತಗೊಳ್ಳಲಿ ತಮ್ಮಾ? ಬೇಗ ಹೇಳು, ಬಸ್ಸು ಬರುತ್ತೆ."

"ಮೂರನ್ನೂ ತಿರುಗಿಸಿ ಹಿಂದಿನ ಫೋಟೋ ಕಳಿಸಿ ಅಕ್ಕಾ" ಅಂದೆ.

ಬಸ್ಸು ಹೋಯಿತು ಅನ್ನಿ. ಆದರೆ ಆ ಮೂರು ಹಿಂಬದಿಗಳ ಮೇಲೆ ನಾವು ಅರ್ಧ ಗಂಟೆ ಮಾತಾಡಿದೆವು. ಆ ಮಾತನ್ನೇ ಸ್ವಲ್ಪ ಹಿಗ್ಗಿಸಿ ಇಲ್ಲಿ ಬರೆದಿದ್ದೇನೆ. ನಮ್ಮಲ್ಲಿ ಹೆಚ್ಚಿನವರು ಯಾವ ಸೂಕ್ಷ್ಮಾಣು ಒಳ್ಳೆಯದು ಅಂತ ಮೊದಲು ಕೇಳುತ್ತೇವೆ. ನಾನು ಕೇಳುವುದು ಉಲ್ಟಾ. ಮೊದಲು ಪೊಟ್ಟಣ, ಆಮೇಲೆ ಅದರೊಳಗಿನ ಜೀವ.

ಫರಿದಾಬಾದಿನಲ್ಲಿ ಏನು ನೋಡುತ್ತಾರೆ

ರೋಗ ತಡೆಯುವ ಬ್ಯಾಕ್ಟೀರಿಯಾವನ್ನು ಮಾರಬೇಕಾದರೆ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಬೇಕು. ಹೆಸರು ಕೀಟನಾಶಕ ಅಂತ ಇದ್ದರೂ ಶಿಲೀಂಧ್ರನಾಶಕ, ಕಳೆನಾಶಕ, ಈ ಒಳ್ಳೆಯ ಬ್ಯಾಕ್ಟೀರಿಯಾ, ಎಲ್ಲವೂ ಅದೇ ಕಾಯ್ದೆಯ ಕೊಡೆಯ ಕೆಳಗೆ ನಿಂತಿವೆ. ನೋಂದಣಿ ಕೊಡುವುದು ಫರಿದಾಬಾದಿನಲ್ಲಿರುವ ಕೇಂದ್ರ ಕೀಟನಾಶಕ ಮಂಡಳಿ ಮತ್ತು ನೋಂದಣಿ ಸಮಿತಿ.

ಕಂಪನಿ ಅಲ್ಲಿಗೆ ಒಂದು ದೊಡ್ಡ ಕಡತ ಕೊಡಬೇಕು. ಬ್ಯಾಕ್ಟೀರಿಯಾದ ಹೆಸರು ಏನು, ಯಾವ ತಳಿ, ಎಲ್ಲಿಂದ ತೆಗೆದದ್ದು. ಒಂದು ಗ್ರಾಂನಲ್ಲಿ ಎಷ್ಟು ಜೀವಂತ ಕಣ ಇದೆ, ಬೇರೆ ಸೂಕ್ಷ್ಮಾಣು ಎಷ್ಟು ಬೆರೆತಿದೆ, ತೇವಾಂಶ ಎಷ್ಟು, ಎಷ್ಟು ದಿನ ಬಾಳುತ್ತದೆ. ಯಾವ ಬೆಳೆಯ ಯಾವ ರೋಗಕ್ಕೆ ಹೊಲದಲ್ಲಿ ಹಾಕಿ ನೋಡಿದ್ದಾರೆ. ಇಲಿಗೆ ತಿನ್ನಿಸಿದಾಗ ಏನಾಯಿತು, ಚರ್ಮಕ್ಕೆ ಕಣ್ಣಿಗೆ ತಾಗಿದರೆ ಏನು, ಹಕ್ಕಿ, ಮೀನು, ಜೇನುಹುಳು, ರೇಷ್ಮೆಹುಳುವಿಗೆ ತೊಂದರೆ ಇದೆಯಾ. ತೋಟದಲ್ಲಿ ಜೇನು ಪೆಟ್ಟಿಗೆ ಇಟ್ಟಿರುವ ನಮಗೆ ಆ ಜೇನುಹುಳುವಿನ ಪರೀಕ್ಷೆ ಸಣ್ಣ ವಿಷಯ ಅಲ್ಲ.

ತಳಿ ಯಾಕೆ ಅಷ್ಟು ಮುಖ್ಯ? ಸ್ಯೂಡೋಮೊನಾಸ್ ಅನ್ನುವುದು ದೊಡ್ಡ ಕುಟುಂಬ. ಅದರಲ್ಲಿ ಫ್ಲೋರೆಸೆನ್ಸ್ ನಮ್ಮ ಬೇರಿನ ಗೆಳೆಯ. ಅದೇ ಕುಟುಂಬದ ಎರುಜಿನೋಸಾ ಆಸ್ಪತ್ರೆಗಳಲ್ಲಿ ದುರ್ಬಲ ರೋಗಿಗಳಿಗೆ ಸೋಂಕು ತರುವಂಥದ್ದು. ಶುಂಠಿಗೆ ಹಸಿ ಸೊರಗು ತರುತ್ತದಲ್ಲ, ಆ ಬ್ಯಾಕ್ಟೀರಿಯಾವೂ ಒಂದು ಕಾಲಕ್ಕೆ ಸ್ಯೂಡೋಮೊನಾಸ್ ಹೆಸರಿನಲ್ಲೇ ಇತ್ತು. ಈಗ ಅದನ್ನು ರಾಲ್‌ಸ್ಟೋನಿಯಾ ಅನ್ನುತ್ತಾರೆ. ಹಾಗಾಗಿ ಬರೀ 'ಸ್ಯೂಡೋಮೊನಾಸ್ ಇದೆ' ಅಂತ ಬರೆದರೆ, 'ನಮ್ಮ ಮನೆಗೆ ಒಬ್ಬ ನೆಂಟರು ಬಂದಿದ್ದಾರೆ' ಅಂದ ಹಾಗೆ. ಯಾರು ಅಂತ ಗೊತ್ತಾಗಬೇಕಲ್ವಾ.

ಬ್ಯಾಸಿಲಸ್ಸಿನ ಕತೆ ಇನ್ನೂ ಮಜಾ. ಕ್ಯಾಲಿಫೋರ್ನಿಯಾದ ಪೀಚ್ ತೋಟದ ಮಣ್ಣಿನಲ್ಲಿ ಸಿಕ್ಕಿದ ಕ್ಯೂಎಸ್‌ಟಿ 713 ಅನ್ನುವ ತಳಿ ಅಮೆರಿಕ, ಯುರೋಪಿನಲ್ಲಿ ಬಹಳ ಪ್ರಸಿದ್ಧ. ಅದನ್ನು ಮೊದಲು ಸಬ್‌ಟಿಲಿಸ್ ಅಂದರು, ಆಮೇಲೆ ಅಮೈಲೋಲಿಕ್ವೆಫೇಸಿಯನ್ಸ್ ಅಂದರು, ಈಗ ವೆಲೆಜೆನ್ಸಿಸ್ ಅನ್ನುತ್ತಾರೆ. ಜಾತಿಯ ಹೆಸರು ಬದಲಾಗುತ್ತಲೇ ಬಂತು, 713 ಮಾತ್ರ ಹಾಗೇ ಉಳಿಯಿತು. ಅದಕ್ಕೇ ಪೊಟ್ಟಣದಲ್ಲಿ ತಳಿಯ ಸಂಖ್ಯೆ ಹುಡುಕಿ ಅನ್ನುವುದು.

9(3) ಮತ್ತು 9(3ಬಿ)

ನೋಂದಣಿಯಲ್ಲಿ ಎರಡು ಬಗೆ ನಮಗೆ ಎದುರಾಗುತ್ತವೆ. ಕಾಯ್ದೆಯ 9(3) ಕಲಂ ಅಂದರೆ ಪೂರ್ಣ ನೋಂದಣಿ. 9(3ಬಿ) ಅಂದರೆ ತಾತ್ಕಾಲಿಕ, ಎರಡು ವರ್ಷದ್ದು. ಜೈವಿಕ ಉತ್ಪನ್ನ ಬೇಗ ರೈತರಿಗೆ ಸಿಗಲಿ ಅಂತ ಸರ್ಕಾರ ಈ ಎರಡನೇ ದಾರಿ ಬಿಟ್ಟಿದೆ. ಮಾರಾಟ ಮಾಡುತ್ತಲೇ ಉಳಿದ ಮಾಹಿತಿಯನ್ನು ಕಂಪನಿ ಒಟ್ಟು ಮಾಡಿ ಕೊಡಬೇಕು.

9(3ಬಿ) ಅಂದ ಕೂಡಲೇ ಕಳಪೆ ಅಂತ ಮೂಗು ಮುರಿಯಬೇಡಿ. ಪುಡಿ ಅಷ್ಟೇ ಚೆನ್ನಾಗಿರಬಹುದು. ಆದರೆ ಅದರ ಬೆನ್ನಿಗಿರುವ ಪುರಾವೆ ಕಡಿಮೆ. ಎರಡೂ ಒಂದೇ ಬೆಲೆಗೆ, ಒಂದೇ ತಾಜಾತನದಲ್ಲಿ ಸಿಕ್ಕಿದರೆ ನಾನು 9(3) ಎತ್ತಿಕೊಳ್ಳುತ್ತೇನೆ. 9(3) ಹಳೆ ಸರಕು, 9(3ಬಿ) ಹೋದ ತಿಂಗಳು ತಯಾರಾದದ್ದು ಅಂದರೆ ತಾಜಾ ಇರುವುದನ್ನೇ ತರುತ್ತೇನೆ. ಸತ್ತ ಬ್ಯಾಕ್ಟೀರಿಯಾಕ್ಕೆ ಎಂಥ ನೋಂದಣಿ ಇದ್ದರೂ ಅದು ಬರೀ ಟಾಲ್ಕ್ ಪುಡಿ, ಅಂದರೆ ಬ್ಯಾಕ್ಟೀರಿಯಾವನ್ನು ಬೆರೆಸಿಡುವ ಕಲ್ಲಿನ ಪುಡಿ.

ಇನ್ನು ಮೂರನೇ ಬಗೆ, ಅಕ್ಕನ ಹಸಿರು ಬಾಟಲಿಯಂಥದ್ದು. ಜೈವಿಕ ಗೊಬ್ಬರ ಮತ್ತು 2021ರಲ್ಲಿ ಸೇರಿಸಿದ ಬಯೋಸ್ಟಿಮ್ಯುಲೆಂಟ್‌ಗಳು ಬರುವುದು ಬೇರೆ ಕಾನೂನಿನಡಿ, 1985ರ ರಸಗೊಬ್ಬರ ನಿಯಂತ್ರಣ ಆದೇಶ. ಅವು ಬೆಳವಣಿಗೆಗೆ. ಗೊಬ್ಬರದ ಲೆಕ್ಕದಲ್ಲಿ ಮಾರುವ ಬಾಟಲಿ 'ಸೊರಗು ರೋಗ ಗುಣವಾಗುತ್ತದೆ' ಅನ್ನುವ ಹಾಗಿಲ್ಲ. ರೋಗದ ಮಾತು ಎತ್ತಿದ ಕೂಡಲೇ ಕೀಟನಾಶಕ ಕಾಯ್ದೆಯ ನೋಂದಣಿ ಸಂಖ್ಯೆ ತೋರಿಸಬೇಕು. ಅಕ್ಕ ಕಳಿಸಿದ ಹಿಂಬದಿಯಲ್ಲಿ ಆ ಸಂಖ್ಯೆಯೂ ಇರಲಿಲ್ಲ, ಗೊಬ್ಬರದ ಸಂಖ್ಯೆಯೂ ಇರಲಿಲ್ಲ. ಐದು ದೇವರ ಫೋಟೋ ಇದ್ದರೂ ನಂಬುತ್ತಿರಲಿಲ್ಲ ನಾನು.

(ಕೊಡಗಿನ ಕಕ್ಕಡ ತಿಂಗಳ ಹದಿನೆಂಟಕ್ಕೆ ನಾವು ಮದ್ದು ಸೊಪ್ಪಿನ ಪಾಯಸ ಕುಡಿಯುತ್ತೇವಲ್ಲ, ಅದಕ್ಕೂ ನೋಂದಣಿ ಇಲ್ಲ ಅಂತ ಅಕ್ಕ ಕೊಂಕು ತೆಗೆದರು. ಆ ಮದ್ದಿನ ಬಣ್ಣ ಮರುದಿನ ಬೆಳಿಗ್ಗೆ ಮೂತ್ರದಲ್ಲಿ ಕಾಣುತ್ತದೆ ಅಕ್ಕಾ, ಈ ಬಾಟಲಿಯದ್ದು ಏನೂ ಕಾಣಲ್ಲ ಅಂದೆ.)

ಹಿಂಬದಿಯನ್ನು ಓದುವುದು

ನನ್ನ ಕೈಯಲ್ಲಿ ಈಗ ಒಂದು ಸ್ಯೂಡೋಮೊನಾಸ್ ಪೊಟ್ಟಣ ಇದೆ. ಮುಂದೆ ದಪ್ಪಕ್ಷರದಲ್ಲಿ ಶೇಕಡಾವಾರು ಬರೆದಿದ್ದಾರೆ. ಅದನ್ನು ನೋಡಿ ಜಾಸ್ತಿ ಪರ್ಸೆಂಟ್ ಇರುವುದೇ ಜೋರು ಅಂದುಕೊಳ್ಳಬೇಡಿ. ನೋಡಬೇಕಾದದ್ದು ಸಿಎಫ್‌ಯು, ಅಂದರೆ ಬದುಕಿರುವ, ಮತ್ತೆ ಬೆಳೆಯಬಲ್ಲ ಕಣಗಳ ಲೆಕ್ಕ. ರೋಗ ತಡೆಯುವ ಬ್ಯಾಕ್ಟೀರಿಯಾಕ್ಕೆ ಗ್ರಾಂಗೆ ಕನಿಷ್ಠ 10 ಕೋಟಿ ಇರಬೇಕು. ಪೊಟ್ಟಣದಲ್ಲಿ ಅದನ್ನು 1×10⁸ ಅಂತ ಬರೆದಿರುತ್ತಾರೆ. ಟ್ರೈಕೋಡರ್ಮಾ ಕೂಡ ರೋಗ ತಡೆಯುವುದೇ, ಆದರೆ ಅದು ಶಿಲೀಂಧ್ರ, ಅದಕ್ಕೆ ಕನಿಷ್ಠ 20 ಲಕ್ಷ, ಅಂದರೆ 2×10⁶. ಇವೆರಡರ ಸಂಖ್ಯೆ ಹೋಲಿಸಿ ಸ್ಯೂಡೋಮೊನಾಸ್ ಐವತ್ತು ಪಟ್ಟು ಬಲ ಅನ್ನುವುದು ತಪ್ಪು. ಇರುವೆಯನ್ನೂ ಆನೆಯನ್ನೂ ತಲೆ ಎಣಿಸಿ ತೂಗಿದ ಹಾಗಾಗುತ್ತದೆ.

ಆಮೇಲೆ ತ್ರಿಕೋನ. ಕೆಂಪು, ಹಳದಿ, ನೀಲಿ, ಹಸಿರು. ಕೆಂಪು ಬಹಳ ವಿಷ, ಹಸಿರು ಕಡಿಮೆ. ಜೈವಿಕದಲ್ಲಿ ಸಾಮಾನ್ಯವಾಗಿ ಹಸಿರೇ ಇರುತ್ತದೆ. ಹಸಿರು ಅಂದರೆ ಕೈಗವಸು ಬೇಡ, ಮಾಸ್ಕ್ ಬೇಡ ಅಂತಲ್ಲ. ಟಾಲ್ಕ್ ಪುಡಿ ಮೂಗಿಗೆ ಹೋದರೆ ಬ್ಯಾಕ್ಟೀರಿಯಾ ಯಾವುದಾದರೂ ಕೆಮ್ಮು ಕೆಮ್ಮೇ.

ಕೊನೆಗೆ ಬೆಳೆ ಮತ್ತು ರೋಗದ ಸಾಲು. ಇಲ್ಲೇ ಹೆಚ್ಚಿನವರು ಜಾರುವುದು. ಒಂದು ಪೊಟ್ಟಣದ ಮೇಲೆ ಭತ್ತ ಇರುತ್ತದೆ, ಇನ್ನೊಂದರ ಮೇಲೆ ಗೋಧಿ, ಟೊಮೆಟೊ ಇರುತ್ತದೆ. ಸಮಿತಿ ನೋಡಿ ಒಪ್ಪಿರುವುದು ಆ ಬೆಳೆಯ ಆ ರೋಗಕ್ಕೆ ಮಾತ್ರ. ಟೊಮೆಟೊ ಹೊಲದಲ್ಲಿ ಗೆದ್ದದ್ದು ಭಾಗಮಂಡಲದ ಜುಲೈ ಮಳೆಯಲ್ಲಿ ಮೆಣಸಿನ ಬುಡದಲ್ಲಿ ಗೆಲ್ಲುತ್ತದೆ ಅಂತ ಯಾರೂ ಬರೆದು ಕೊಟ್ಟಿಲ್ಲ. ಕರಿಮೆಣಸು ಅಂತ ಬರೆದದ್ದು ಸಿಕ್ಕಿದರೆ ಅದೇ ಮೊದಲ ಆಯ್ಕೆ. ಸಿಗದಿದ್ದರೆ ಅಪ್ಪಂಗಳದ ಸಂಬಾರ ಬೆಳೆ ಸಂಶೋಧನಾ ಕೇಂದ್ರ, ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ಮೆಣಸಿಗೆ ಏನು ಹೇಳುತ್ತಾರೆ ಕೇಳಿ. ನಮ್ಮ ಮಣ್ಣು, ನಮ್ಮ ಮಳೆ ನೋಡಿ ಕೆಲಸ ಮಾಡುವವರು ಅವರು.

ಈಗ ಒಳಗಿನ ಜೀವ

ಮೆಣಸಿನ ಶೀಘ್ರ ಸೊರಗು ತರುವುದು ಫೈಟೋಫ್ತೊರಾ ಕ್ಯಾಪ್ಸಿಸಿ ಅನ್ನುವ ರೋಗಾಣು. ನೀರು ಕಂಡರೆ ಈಜಿಕೊಂಡು ಬರುವ ಬೀಜಕಣ ಅದರದ್ದು. ಜೂನ್ ಮಳೆ ಹಿಡಿದ ಮೇಲೆ ನೆಲಕ್ಕೆ ತಾಗಿರುವ ಹಬ್ಬು ಬಳ್ಳಿಯ ಎಲೆಯಲ್ಲಿ ಕಪ್ಪು ಚುಕ್ಕೆ ಕಾಣುತ್ತದೆ. ಚುಕ್ಕೆಯ ಅಂಚು ನೆಟ್ಟಗಿರಲ್ಲ, ಶಾಯಿ ಹರಡಿದ ಹಾಗೆ ಇರುತ್ತದೆ. ಬುಡಕ್ಕೆ ಇಳಿದರೆ ಎರಡು ಮೂರು ವಾರದಲ್ಲಿ ಸಿಲ್ವರ್ ಓಕ್ ಮರದ ಮೇಲೆ ಹಸಿರಾಗಿ ನಿಂತಿದ್ದ ಬಳ್ಳಿ ಗೆಣ್ಣು ಗೆಣ್ಣಾಗಿ ಉದುರುತ್ತದೆ. ಆ ಹಂತದಲ್ಲಿ ಯಾವ ಜೈವಿಕವೂ ಅದನ್ನು ಎಬ್ಬಿಸಲ್ಲ. ಇದನ್ನು ಅಂಗಡಿಯವರು ಹೇಳುವುದು ಕಡಿಮೆ.

ಸ್ಯೂಡೋಮೊನಾಸ್ ಫ್ಲೋರೆಸೆನ್ಸ್ ಬೇರಿನ ಸುತ್ತ ಬೇಗ ಮನೆ ಮಾಡುತ್ತದೆ. ಮಣ್ಣಿನ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ರೋಗಾಣುವನ್ನು ಉಪವಾಸ ಕೆಡವುತ್ತದೆ, ಅದಕ್ಕೆ ಆಗದ ರಸವನ್ನೂ ಬಿಡುತ್ತದೆ, ಬಳ್ಳಿಯ ಸ್ವಂತ ರೋಗ ತಡೆಯುವ ಶಕ್ತಿಯನ್ನೂ ಎಬ್ಬಿಸುತ್ತದೆ. ಕೆಲಸ ಚುರುಕು, ಆದರೆ ದೇಹ ಸೂಕ್ಷ್ಮ. ಬೀಜಕಣ ಮಾಡಿಕೊಳ್ಳಲು ಬರಲ್ಲ. ಒಣಗಿದರೆ, ಬಿಸಿಯಾದರೆ ಸಾಯುತ್ತದೆ. ಎರಡು ವರ್ಷದ ಹಿಂದೆ ನಾನೇ ತಂದ ನಾಲ್ಕು ಕೆ.ಜಿ. ಪುಡಿ ಅಂಗಡಿಯ ಗಾಜಿನ ಕಪಾಟಿನಲ್ಲಿ, ಏಪ್ರಿಲ್ ಬಿಸಿಲು ಬೀಳುವ ಕಡೆ ಇತ್ತು. ಅವಧಿ ಇನ್ನೂ ಮುಗಿದಿರಲಿಲ್ಲ, ಅದಕ್ಕೆ ಸುಮ್ನೆ ತಂದೆ. ಆ ವರ್ಷ ಹಾಕಿದ ಸಾಲಿಗೂ ಹಾಕದ ಸಾಲಿಗೂ ಏನೂ ವ್ಯತ್ಯಾಸ ಕಾಣಲಿಲ್ಲ. ಬಿಸಿಲಿಗೇ ಸತ್ತಿತ್ತಾ, ನಾನು ಹಾಕಿದ್ದು ತಡವಾಯಿತಾ ಹೇಳಲಾರೆ. ಅವತ್ತಿನಿಂದ ಕಪಾಟಿನ ಹೊರಗಿಟ್ಟ ಪೊಟ್ಟಣ ಬೇಡ, ಒಳಗಿನ ಕತ್ತಲೆ ಕೋಣೆಯಿಂದ ಹೊಸ ಪೆಟ್ಟಿಗೆ ಒಡೆದು ಕೊಡಿ ಅಂತ ಕೇಳುತ್ತೇನೆ. ಅಂಗಡಿಯವರು ಒಂಥರಾ ನೋಡುತ್ತಾರೆ. ನೋಡಲಿ.

ಬ್ಯಾಸಿಲಸ್ ಸಬ್‌ಟಿಲಿಸ್ ಬೇರೆ ಸ್ವಭಾವದ್ದು. ಕಷ್ಟ ಬಂದರೆ ಗಟ್ಟಿ ಚಿಪ್ಪಿನ ಬೀಜಕಣವಾಗಿ ಮಲಗಿಬಿಡುತ್ತದೆ. ಒಣಗಿದರೂ, ಸ್ವಲ್ಪ ಬಿಸಿಯಾದರೂ ತಡೆಯುತ್ತದೆ. ಅದೂ ರೋಗಾಣುವಿನ ಪೊರೆ ಒಡೆಯುವ ರಸ ಬಿಡುತ್ತದೆ. ಹಾಗಾಗಿ ದೂರದಿಂದ ತರುವವರಿಗೆ, ಸ್ಟೋರಿನಲ್ಲಿ ಎರಡು ಮೂರು ತಿಂಗಳು ಇಡುವವರಿಗೆ, ಕುಶಾಲನಗರದ ಕಡೆಯ ಒಣ ಭಾಗದವರಿಗೆ ಬ್ಯಾಸಿಲಸ್ ಭದ್ರ. ತಾಜಾ ಸರಕು ಕೈಗೆಟುಕುವಷ್ಟು ಹತ್ತಿರ ಇದೆ, ತಂದ ವಾರದಲ್ಲೇ ಹಾಕುತ್ತೇನೆ ಅನ್ನುವವರಿಗೆ ಸ್ಯೂಡೋಮೊನಾಸ್. ಇವೆರಡರ ನಡುವೆ ನನ್ನ ತೀರ್ಪು ಇಷ್ಟೇ. ಯಾವುದರ ರಸ ಜೋರು ಅನ್ನುವುದಕ್ಕಿಂತ ಯಾವುದು ನಿಮ್ಮ ಬಳ್ಳಿಯ ಬುಡಕ್ಕೆ ಜೀವಂತವಾಗಿ ತಲುಪುತ್ತದೆ ಅನ್ನುವುದು ನೋಡಿ.

ಟ್ರೈಕೋಡರ್ಮಾ ಬ್ಯಾಕ್ಟೀರಿಯಾ ಅಲ್ಲದಿದ್ದರೂ ಹೋಲಿಕೆಯಿಂದ ಬಿಡಲಾಗಲ್ಲ. ನಮ್ಮಲ್ಲಿ ಮೆಣಸಿಗೆ ಅದರ ಅನುಭವವೇ ಜಾಸ್ತಿ. ಅದಕ್ಕೆ ತಿನ್ನಲು ಕೊಡಬೇಕು. 90 ಕೆ.ಜಿ. ಕೊಟ್ಟಿಗೆ ಗೊಬ್ಬರ, 10 ಕೆ.ಜಿ. ಬೇವಿನ ಹಿಂಡಿ, 1 ಕೆ.ಜಿ. ಟ್ರೈಕೋಡರ್ಮಾ. ಕೈಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು, ಅಷ್ಟು ತೇವ. ನೆರಳಿನಲ್ಲಿ ರಾಶಿ ಹಾಕಿ ಮುಚ್ಚಿ, ಆಗಾಗ ಮಗುಚಿ, ಸುಮಾರು 15 ದಿನ ಬಿಡಿ. ಆಮೇಲೆ ಗೋಣಿ ಎತ್ತಿದರೆ ಮೇಲೆ ಬಿಳಿ ಹಸಿರು ಬೂಷ್ಟು ಹಬ್ಬಿರುತ್ತದೆ, ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತದೆ. ಜೀವ ಇದೆ ಅಂತ ಕಣ್ಣಿಗೇ ಗೊತ್ತಾಗುವುದು ಇದರ ದೊಡ್ಡ ಲಾಭ. ಸ್ಯೂಡೋಮೊನಾಸ್ ಪೊಟ್ಟಣದಲ್ಲಿ ಆ ಸುಖ ಇಲ್ಲ. ಕೊಟ್ಟಿಗೆ ಇರುವ, ಕೆಲಸದವರು ಸಿಗುವ ಮನೆಗೆ ಟ್ರೈಕೋಡರ್ಮಾ ಸರಿ. ಕೆಲಸದವರೇ ಸಿಗಲ್ಲ, ಡ್ರಮ್ಮಿನಲ್ಲಿ ಕಲಸಿ ಬುಡಕ್ಕೆ ಹುಯ್ದು ಮುಗಿಸಬೇಕು ಅನ್ನುವವರಿಗೆ ಬ್ಯಾಕ್ಟೀರಿಯಾ ಸುಲಭ.

ಬೋರ್ಡೋ ಬಗ್ಗೆ ಹೆಚ್ಚು ಹೇಳುವುದು ಬೇಡ, ಎಲ್ಲರ ಮನೆಯಲ್ಲೂ ಮೈಲುತುತ್ತಿನ ಕಲೆ ಇರುವ ಡ್ರಮ್ ಇದೆ. 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಹೊಳೆಯುವ ಚಾಕು ಅದ್ದಿ ನೋಡಿ, ಅಲಗಿಗೆ ತಾಮ್ರದ ಬಣ್ಣ ಹತ್ತಿದರೆ ಇನ್ನೂ ಸುಣ್ಣ ಬೇಕು. ಎಲೆಯ ಮೇಲಿನ ರೋಗ ತಡೆಯಲು, ಅದೂ ಮಡಿಕೇರಿ, ಭಾಗಮಂಡಲದ ಮಳೆಯಲ್ಲಿ, ಬೋರ್ಡೋದ ಜಾಗಕ್ಕೆ ಬ್ಯಾಕ್ಟೀರಿಯಾ ಬರುತ್ತದೆ ಅಂತ ನನಗೆ ಅನ್ನಿಸಲ್ಲ. ಎಲೆ ಮೇಲೆ ಬೋರ್ಡೋ, ಬುಡದಲ್ಲಿ ಜೈವಿಕ. ಇದು ನನ್ನ ತೋಟದ ರೂಢಿ.

(ಕೊಳೆ ರೋಗ ಅನ್ನುವ ನಮ್ಮ ಮಾತು ವಿಜ್ಞಾನದ ಪುಸ್ತಕಕ್ಕೂ ಹೋಗಿ ಕೂತಿದೆ. ಕಾಫಿಯ ಕೊಳೆ ರೋಗದ ಶಿಲೀಂಧ್ರದ ಹೆಸರೇ ಕೊಳೆರೋಗ ನಾಕ್ಸಿಯಾ. ಮಳೆಗಾಲ ಅಷ್ಟು ಕಾಡಿದೆ ನಮ್ಮನ್ನು.)

ಒಟ್ಟಿಗೆ ಹಾಕುವುದಾದರೆ

ಬೋರ್ಡೋದ ಮೈಲುತುತ್ತಿನಲ್ಲಿರುವ ತಾಮ್ರ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಒಮ್ಮೆ ನಮ್ಮ ತೋಟದಲ್ಲಿ ಬೋರ್ಡೋ ಕಲಸಿದ ಡ್ರಮ್ಮನ್ನೇ ಒಂದು ಸಲ ನೀರು ಹಾಕಿ ಅಲ್ಲಾಡಿಸಿ, ಅದರಲ್ಲೇ ಸ್ಯೂಡೋಮೊನಾಸ್ ಕಲಸಿದರು. ಡ್ರಮ್ಮಿನ ಅಂಚಿನಲ್ಲಿ ನೀಲಿ ಪಟ್ಟಿ ಇನ್ನೂ ಇತ್ತು. ನಾನೂ ಅಲ್ಲೇ ನಿಂತಿದ್ದೆ, ಹೊಳೆಯಲಿಲ್ಲ. ಈಗ ಜೈವಿಕಕ್ಕೆ ಬೇರೆಯೇ ಬಿಳಿ ಡ್ರಮ್ ಇಟ್ಟಿದ್ದೇನೆ. ಅದಕ್ಕೆ ಬೇರೆ ಯಾವ ಔಷಧಿಯೂ ಬೀಳಬಾರದು ಅಂತ ಮೇಸ್ತ್ರಿಗೆ ಹೇಳಿದ್ದೇನೆ. ತಾಮ್ರಕ್ಕೂ ಜೈವಿಕಕ್ಕೂ ನಡುವೆ ಹದಿನೈದು ದಿನ ಬಿಡಿ. ಆಂಟಿಬಯೋಟಿಕ್ ಜೊತೆಗಂತೂ ಬೇಡವೇ ಬೇಡ.

ಜೈವಿಕವನ್ನು ಹಾಕುವ ಹೊತ್ತು ಮಣ್ಣು ನೆನೆದಿರಬೇಕು, ಆದರೆ ನೀರು ಹರಿಯುತ್ತಿರಬಾರದು. ಮೇ ಕೊನೆಯ ಮಳೆ ಬಿದ್ದ ಮೇಲೆ ಒಮ್ಮೆ, ಆಗಸ್ಟ್ ಸೆಪ್ಟೆಂಬರಿನಲ್ಲಿ ಮಳೆ ಬಿಡುವು ಕೊಟ್ಟಾಗ ಇನ್ನೊಮ್ಮೆ. ಸಂಜೆ ಹೊತ್ತು ಒಳ್ಳೆಯದು. ಟಾಲ್ಕ್ ಪುಡಿ ತಳಕ್ಕೆ ಕೂರುತ್ತದೆ, ಹಾಗಾಗಿ ಒಬ್ಬರು ಕೋಲು ಹಿಡಿದು ತಿರುಗಿಸುತ್ತಲೇ ಇರಬೇಕು. ಇಲ್ಲದಿದ್ದರೆ ಮೊದಲ ಇಪ್ಪತ್ತು ಬಳ್ಳಿಗೆ ಬರೀ ನೀರು, ಕೊನೆಯ ಐದಕ್ಕೆ ಗಂಜಿ. ಪ್ರಮಾಣ ಎಷ್ಟು ಅನ್ನುವುದಕ್ಕೆ ಪೊಟ್ಟಣದೊಳಗಿನ ಕರಪತ್ರ ನೋಡಿ. ಕರಪತ್ರವೇ ಇಲ್ಲದಿದ್ದರೆ ಅದೂ ಒಂದು ಸುಳಿವು.

ಯಾವುದು ಹಾಕಿದರೂ ಚರಂಡಿ ಬಿಡಿಸದೆ, ನೆಲಕ್ಕೆ ಹಬ್ಬಿದ ಬಳ್ಳಿ ಕತ್ತರಿಸದೆ, ಸತ್ತ ಬಳ್ಳಿಯನ್ನು ಬೇರು ಸಮೇತ ತೆಗೆಯದೆ ದುಡ್ಡು ಮಣ್ಣಿಗೆ. ಹೊಸದಾಗಿ ನೆಡುವವರು ಭಾರತೀಯ ಸಂಬಾರ ಬೆಳೆ ಸಂಶೋಧನಾ ಸಂಸ್ಥೆಯ ಐಐಎಸ್ಆರ್ ಶಕ್ತಿ, ಐಐಎಸ್ಆರ್ ತೇವಂ ಮೆಣಸಿನ ತಳಿ ಕೇಳಿ ನೋಡಿ. ಫೈಟೋಫ್ತೊರಾವನ್ನು ಸ್ವಲ್ಪ ತಡೆದುಕೊಳ್ಳುತ್ತವೆ. ಎಲೆ ಹಳದಿಯಾಗಿ ವರ್ಷಗಟ್ಟಲೆ ಸೊರಗುವ ನಿಧಾನ ಸೊರಗು ಇದ್ದರೆ ಕತೆ ಬೇರೆ, ಅಲ್ಲಿ ಬೇರಿಗೆ ಬೀಳುವ ಜಂತುಹುಳದ (ನೆಮಟೋಡ್) ಕೈವಾಡವೂ ಇರುತ್ತದೆ. ಬೇರು, ಮಣ್ಣು ಪರೀಕ್ಷೆ ಮಾಡಿಸದೆ ಪೊಟ್ಟಣ ಕೊಳ್ಳಬೇಡಿ. ಸಾವಯವ ಪ್ರಮಾಣಪತ್ರ ಇರುವವರು ಕೊಳ್ಳುವ ಮೊದಲು ನಿಮ್ಮ ಪ್ರಮಾಣೀಕರಣ ಸಂಸ್ಥೆಯನ್ನು ಕೇಳಿ, ತಾಮ್ರಕ್ಕಂತೂ ಮಿತಿ ಇದೆ.

ಬಿಲ್ ತೆಗೆದುಕೊಳ್ಳಿ. ಅದರಲ್ಲಿ ಬ್ಯಾಚ್ ಸಂಖ್ಯೆ ಬರೆಸಿ. ಒಂದು ಪೊಟ್ಟಣ ಒಡೆಯದೆ ತಂಪಾದ ಕಡೆ ಇಟ್ಟುಕೊಳ್ಳಿ. ಅನುಮಾನ ಬಂದರೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೇಳಿ. ಅಂಗಡಿಯಿಂದ ಮಾದರಿ ತೆಗೆದು ಪರೀಕ್ಷೆಗೆ ಕಳಿಸುವ ಅಧಿಕಾರ ಕೀಟನಾಶಕ ಪರಿವೀಕ್ಷಕರಿಗೆ ಇದೆ.

ಅಕ್ಕ ಕೊನೆಗೆ ತಂದದ್ದು ಬ್ಯಾಸಿಲಸ್. ಸ್ಯೂಡೋಮೊನಾಸ್ ಪುಡಿಯ ಅವಧಿ ಮುಗಿಯಲು ಇನ್ನು ಒಂದೂವರೆ ತಿಂಗಳು ಇತ್ತು, ಅವರ ತೋಟದಲ್ಲಿ ಮಳೆ ಹಿಡಿಯುವುದೇ ಜೂನ್ ಎರಡನೇ ವಾರ. ಎಲೆಗೆ ಬೋರ್ಡೋ ಮೊದಲೇ ಹೊಡೆಸಿ ಆಗಿತ್ತು. ಹಸಿರು ಬಾಟಲಿಯನ್ನು ವಾಪಸ್ ಇಡುವಾಗ ಅಂಗಡಿಯವರು "ಇದು ಚೆನ್ನಾಗಿ ಓಡ್ತದೆ ಅಕ್ಕ" ಅಂದರಂತೆ. "ಓಡಲಿ ಬಿಡಿ, ನಮ್ಮ ಬಳ್ಳಿ ನಿಂತ್ಕೊಂಡಿರಬೇಕು" ಅಂತ ಹೇಳಿ ಅಕ್ಕ ಮುಂದಿನ ಬಸ್ಸು ಹತ್ತಿದರು.